ಕ್ಲೋರಿನ್ ಉಸಿರಾಡುವ ಬ್ಯಾಕ್ಟೀರಿಯಾಗಳಿಂದ ಅಂತರ್ಜಲ ಶುದ್ಧಿ: ಕೆಲಸ ಅರ್ಧಕ್ಕೆ ನಿಲ್ಲದಂತೆ ನಡೆಸುವ ಕ್ರಮ

ಯಂತ್ರಗಳ ಬಿಡಿಭಾಗಗಳ ಜಿಡ್ಡು ತೆಗೆಯುವ ಟ್ರೈಕ್ಲೋರೋಎಥಿಲೀನ್ ಮತ್ತು ಡ್ರೈಕ್ಲೀನಿಂಗಿಗೆ ಬಳಸುವ ಟೆಟ್ರಾಕ್ಲೋರೋಎಥಿಲೀನ್ ನೀರಿಗಿಂತ ಭಾರವಾದ ದ್ರವಗಳಾದ್ದರಿಂದ, ನೆಲಕ್ಕೆ ಸೋರಿದ ಮೇಲೆ ಅಂತರ್ಜಲದ ಮಟ್ಟವನ್ನೂ ದಾಟಿ ಆಳಕ್ಕಿಳಿದು, ಅಲ್ಲಿಂದ ದಶಕಗಳವರೆಗೆ ನೀರಿಗೆ ಕರಗುತ್ತಲೇ ಇರುತ್ತವೆ. ಆಮ್ಲಜನಕವಿಲ್ಲದ ಆ ಆಳದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಈ ರಾಸಾಯನಿಕಗಳನ್ನೇ ಉಸಿರಾಡುತ್ತವೆ. ಉಸಿರಾಟವೆಂಬುದು ಇಲ್ಲಿ ಅಲಂಕಾರದ ಮಾತಲ್ಲ. ಆಹಾರದಿಂದ ಬಂದ ಎಲೆಕ್ಟ್ರಾನುಗಳನ್ನು ನಮ್ಮ ಜೀವಕೋಶಗಳು ಕೊನೆಗೆ ಆಮ್ಲಜನಕಕ್ಕೆ ಒಪ್ಪಿಸುವಂತೆ, ಅವು ಕ್ಲೋರಿನ್ ಹೊತ್ತ ಅಣುವಿಗೆ ಒಪ್ಪಿಸುತ್ತವೆ. ಆಗ ಒಂದು ಕ್ಲೋರಿನ್ ಕಳಚಿ, ಅದರ ಜಾಗಕ್ಕೆ ಹೈಡ್ರೋಜನ್ ಬಂದು, ಜೀವಕೋಶಕ್ಕೆ ಶಕ್ತಿ ದೊರೆಯುತ್ತದೆ.

ಕಳಚುವಿಕೆ ಒಂದೊಂದೇ ಮೆಟ್ಟಿಲಾಗಿ ಸಾಗುತ್ತದೆ: ಟೆಟ್ರಾಕ್ಲೋರೋಎಥಿಲೀನ್ ಟ್ರೈಕ್ಲೋರೋಎಥಿಲೀನ್ ಆಗಿ, ಅದು ಹೆಚ್ಚಾಗಿ ಸಿಸ್-ಡೈಕ್ಲೋರೋಎಥಿಲೀನ್ ಆಗಿ, ಅನಂತರ ವಿನೈಲ್ ಕ್ಲೋರೈಡ್ ಆಗಿ, ಕೊನೆಗೆ ನಿರುಪದ್ರವಿ ಎಥಿಲೀನ್ ಆಗುತ್ತದೆ. ಈ ವಿಧಾನದ ಅಪಾಯವೆಲ್ಲ ಕೊನೆಯ ಮೆಟ್ಟಿಲಿಗೆ ಮುಂಚೆ ಇದೆ. ವಿನೈಲ್ ಕ್ಲೋರೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ದೃಢಪಟ್ಟಿದೆ. ಕುಡಿಯುವ ನೀರಿನಲ್ಲಿ ಟ್ರೈಕ್ಲೋರೋಎಥಿಲೀನಿಗೆ ಲೀಟರಿಗೆ 5 ಮೈಕ್ರೋಗ್ರಾಂ ಮಿತಿ ಇಟ್ಟ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದಕ್ಕೆ 2 ಮೈಕ್ರೋಗ್ರಾಂ ಮಾತ್ರ ಇಟ್ಟಿದೆ. ಹೀಗಾಗಿ ಅಲ್ಲಿಗೆ ಬಂದು ನಿಂತ ಕೆಲಸ, ಆರಂಭಿಸದೇ ಬಿಟ್ಟ ಕೆಲಸಕ್ಕಿಂತ ಕೆಟ್ಟದ್ದು.

ಆದ್ದರಿಂದ ಮೊದಲು ಮಾಡಬೇಕಾದದ್ದು ನೆಲದಡಿಯಲ್ಲಿ ಯಾವ ಜೀವಿಗಳಿವೆ ಎಂಬ ಪರೀಕ್ಷೆ. ಸಿಸ್-ಡೈಕ್ಲೋರೋಎಥಿಲೀನಿನವರೆಗೆ ಒಯ್ಯಬಲ್ಲ ಬ್ಯಾಕ್ಟೀರಿಯಾಗಳು ಹಲವು. ಡಿಹ್ಯಾಲೋಬ್ಯಾಕ್ಟರ್ ಮತ್ತು ಡಿಸಲ್ಫಿಟೋಬ್ಯಾಕ್ಟೀರಿಯಂ ಆ ಗುಂಪಿನವು. ಅಲ್ಲಿಂದ ಎಥಿಲೀನಿನವರೆಗೆ ಒಯ್ಯಬಲ್ಲವು ಬೆರಳೆಣಿಕೆಯಷ್ಟು, ಅವುಗಳಲ್ಲಿ ಮುಖ್ಯವಾದದ್ದು ಡಿಹ್ಯಾಲೋಕಾಕಾಯ್ಡೀಸ್. ಇದರ 195 ಎಂಬ ತಳಿಯನ್ನು ಕಾರ್ನೆಲ್ ವಿಶ್ವವಿದ್ಯಾಲಯದ ತಂಡವೊಂದು ಕೊಳಚೆ ನೀರಿನ ಕೆಸರಿನ ಮೂಲದಿಂದ ಬೇರ್ಪಡಿಸಿ 1997ರಲ್ಲಿ ಪ್ರಕಟಿಸಿತು. ಆದರೆ ಆ ಪ್ರಸಿದ್ಧ ತಳಿಯೇ ವಿನೈಲ್ ಕ್ಲೋರೈಡಿನ ಮುಂದೆ ಮುಗ್ಗರಿಸುತ್ತದೆ: ಆ ಕೊನೆಯ ಮೆಟ್ಟಿಲಿನಿಂದ ಅದಕ್ಕೆ ಬೆಳೆಯಲು ಶಕ್ತಿ ಸಿಗದು, ಕೆಲಸವೂ ನಿಧಾನ. ಆದುದರಿಂದ ಡಿಹ್ಯಾಲೋಕಾಕಾಯ್ಡೀಸ್ ಇದೆ ಎಂಬ ಒಂದೇ ವರದಿಯಿಂದ ತೃಪ್ತರಾಗದೆ, ವಿನೈಲ್ ಕ್ಲೋರೈಡನ್ನು ಒಡೆಯುವ ಕಿಣ್ವಗಳ ವಂಶವಾಹಿಗಳಾದ ವಿಸಿಆರ್‌ಎ ಮತ್ತು ಬಿವಿಸಿಎಗಳ ಎಣಿಕೆಯನ್ನೂ ಪ್ರಯೋಗಾಲಯದಿಂದ ಕೇಳಿ ಪಡೆಯಬೇಕು. ಲೀಟರ್ ನೀರಿಗೆ ಒಂದು ಕೋಟಿ ಅಥವಾ ಅದಕ್ಕಿಂತ ಹೆಚ್ಚು ಜೀವಕೋಶಗಳಿದ್ದರೆ ಕೆಲಸ ಉಪಯುಕ್ತ ವೇಗದಲ್ಲಿ ನಡೆಯುವ ಸಂಭವವಿದೆ.

ವೀಕ್ಷಣಾ ಬಾವಿಯ ಮಾದರಿಯನ್ನು ತೆಗೆಯುವಾಗಲೇ ಅನೇಕರು ಎಡವುತ್ತಾರೆ. ಈ ರಾಸಾಯನಿಕಗಳು ಗಾಳಿಗೆ ಹಾರುವಂಥವು. 40 ಮಿಲಿಲೀಟರಿನ ಗಾಜಿನ ಸೀಸೆಯನ್ನು ಓರೆಯಾಗಿ ಹಿಡಿದು, ನೀರು ಗೋಡೆಯ ಮೇಲೆ ಜಾರಿ ಇಳಿಯುವಂತೆ ತುಂಬಿಸಿ, ಬಾಯಿಯ ಮೇಲೆ ನೀರು ಗುಮ್ಮಟದಂತೆ ಉಬ್ಬಿ ನಿಂತಾಗ ಮುಚ್ಚಳವನ್ನು ತಿರುಗಿಸಿ ಬಿಗಿಯಬೇಕು. ಬಳಿಕ ಸೀಸೆಯನ್ನು ತಲೆಕೆಳಗಾಗಿಸಿ ಬೆರಳಿನಿಂದ ತಟ್ಟಿ ನೋಡಬೇಕು. ಗುಳ್ಳೆ ಕಂಡರೆ ಆ ಮಾದರಿಯನ್ನು ಬಿಟ್ಟು ಹೊಸ ಸೀಸೆಯಲ್ಲಿ ಮತ್ತೆ ತುಂಬಿಸಬೇಕು.

ಫಲಿತಾಂಶ ಕೈಗೆ ಬಂದ ಕೂಡಲೇ ಮೈಕ್ರೋಗ್ರಾಂ ಲೆಕ್ಕವನ್ನು ಮೋಲ್ ಲೆಕ್ಕಕ್ಕೆ, ಅಂದರೆ ತೂಕದ ಬದಲು ಅಣುಗಳ ಸಂಖ್ಯೆಯ ಲೆಕ್ಕಕ್ಕೆ, ಬದಲಿಸಿಕೊಳ್ಳಿ, ಏಕೆಂದರೆ ಕ್ಲೋರಿನ್ ಕಳಚಿದಂತೆಲ್ಲ ಅಣುವಿನ ತೂಕ ಇಳಿಯುತ್ತದೆ. ಲೀಟರಿಗೆ 1,000 ಮೈಕ್ರೋಗ್ರಾಂ ಟ್ರೈಕ್ಲೋರೋಎಥಿಲೀನ್ ಎಂದರೆ ಸುಮಾರು 7.6 ಮೈಕ್ರೋಮೋಲ್, ಅದಷ್ಟೂ ವಿನೈಲ್ ಕ್ಲೋರೈಡ್ ಆದರೆ ಕಾಣುವುದು ಸುಮಾರು 476 ಮೈಕ್ರೋಗ್ರಾಂ, ಎಥಿಲೀನ್ ಆದರೆ ಸುಮಾರು 213. ಮೈಕ್ರೋಗ್ರಾಂ ಪಟ್ಟಿಯನ್ನೇ ನಂಬಿದವರಿಗೆ ಮಾಲಿನ್ಯ ಅರ್ಧಕ್ಕಿಳಿಯಿತೆಂಬ ಸಂತೋಷ. ಮೋಲ್ ಪಟ್ಟಿಯಲ್ಲಿ ಅದೇ ಅಣುಗಳು ಇನ್ನೂ ವಿಷಕಾರಿಯಾದ ವೇಷದಲ್ಲಿ ಕುಳಿತಿರುತ್ತವೆ.

ಇನ್ನು ನೆಲವನ್ನು ಸಿದ್ಧಗೊಳಿಸುವ ಕೆಲಸ. ಡಿಹ್ಯಾಲೋಕಾಕಾಯ್ಡೀಸ್ ಹಟಮಾರಿ ಅತಿಥಿ: ಉಸಿರಾಟಕ್ಕೆ ಕ್ಲೋರಿನ್‌ನಂಥ ಹ್ಯಾಲೊಜನ್ ಹೊತ್ತ ಸಂಯುಕ್ತಗಳೇ ಬೇಕು, ಎಲೆಕ್ಟ್ರಾನಿನ ಮೂಲವಾಗಿ ಹೈಡ್ರೋಜನ್ನೇ ಬೇಕು, ದೇಹ ಕಟ್ಟಲು ಅಸಿಟೇಟ್ ಬೇಕು, ಕಿಣ್ವಕ್ಕೆ ಅಗತ್ಯವಾದ ಬಿ12 ಜೀವಸತ್ವವನ್ನು ನೆರೆಯ ಜೀವಿಗಳು ಒದಗಿಸಬೇಕು. ಹೈಡ್ರೋಜನನ್ನು ನೇರವಾಗಿ ಊದುವುದಕ್ಕಿಂತ ಲ್ಯಾಕ್ಟೇಟ್, ಕಾಕಂಬಿ ಅಥವಾ ನೀರಿನಲ್ಲಿ ಎಮಲ್ಷನ್ ಮಾಡಿದ ಸೋಯಾ ಎಣ್ಣೆಯನ್ನು ಬಾವಿಯ ಮೂಲಕ ಇಳಿಸುವುದು ರೂಢಿ. ಅಲ್ಲಿನ ಇತರ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಹೈಡ್ರೋಜನನ್ನೂ ಅಸಿಟೇಟನ್ನೂ ಬಿಡುತ್ತವೆ. ನನ್ನ ಒಲವು ನಿಧಾನವಾಗಿ ಹುದುಗುವ ಎಣ್ಣೆಯ ಕಡೆಗೆ. ಕ್ಲೋರಿನ್ ಉಸಿರಾಡುವ ಜೀವಿಗಳು ಮೀಥೇನ್ ತಯಾರಿಸುವ ಜೀವಿಗಳಿಗಿಂತ ಕಡಿಮೆ ಹೈಡ್ರೋಜನಿನಲ್ಲಿ ಬದುಕಬಲ್ಲವು. ಒಮ್ಮೆಲೇ ಸಕ್ಕರೆಯಂಥ ಆಹಾರ ಸುರಿದರೆ ಆ ಮೇಲುಗೈ ಕಳೆದುಹೋಗಿ ಬಹುಪಾಲು ಮೀಥೇನಿಗೆ ಹೋಗುತ್ತದೆ. ಆಹಾರದ ಪ್ರಮಾಣ ನಿರ್ಧರಿಸುವಾಗ ಮಾಲಿನ್ಯವನ್ನು ಮಾತ್ರ ಎಣಿಸದೆ, ಮೊದಲೇ ಎಲೆಕ್ಟ್ರಾನುಗಳನ್ನು ಕಬಳಿಸುವ ಆಮ್ಲಜನಕ, ನೈಟ್ರೇಟ್, ಕಬ್ಬಿಣ ಮತ್ತು ಸಲ್ಫೇಟುಗಳನ್ನೂ ಎಣಿಸಬೇಕು.

ಕಳಚಿದ ಪ್ರತಿಯೊಂದು ಕ್ಲೋರಿನ್ ಒಂದಿಷ್ಟು ಆಮ್ಲವನ್ನೂ ತರುತ್ತದೆ, ಹುದುಗುವಿಕೆಯಿಂದ ಇನ್ನಷ್ಟು ಸೇರುತ್ತದೆ. ಪಿಎಚ್ 7ರ ಆಸುಪಾಸು ಒಳ್ಳೆಯದು. 6ಕ್ಕಿಂತ ಕೆಳಗಿಳಿದರೆ ಡಿಹ್ಯಾಲೋಕಾಕಾಯ್ಡೀಸಿನ ಕೆಲಸ ಬಹುಮಟ್ಟಿಗೆ ನಿಲ್ಲುತ್ತದೆ. ಮಣ್ಣಿನಲ್ಲಿ ಸುಣ್ಣದ ಅಂಶ ಕಡಿಮೆಯಿದ್ದರೆ ಸೋಡಿಯಂ ಬೈಕಾರ್ಬೊನೇಟನ್ನು ಆಹಾರದ ಜೊತೆಗೇ ಸೇರಿಸಬೇಕು, ಕುಸಿದ ಮೇಲೆ ಅಲ್ಲ.

ಪರೀಕ್ಷೆಯಲ್ಲಿ ತಕ್ಕ ಜೀವಿಗಳು ಕಾಣದಿದ್ದರೆ ಹೊರಗೆ ಬೆಳೆಸಿದ ಮಿಶ್ರ ಸಮೂಹವನ್ನು ಬಿಡಬೇಕಾಗುತ್ತದೆ. ಆಹಾರ ಹಾಕಿದ ದಿನವೇ ಬಿಡುವ ಆತುರ ಬೇಡ. ಕರಗಿದ ಆಮ್ಲಜನಕ ತೀರಿ, ರೆಡಾಕ್ಸ್ ವಿಭವ (ನೀರು ಎಲೆಕ್ಟ್ರಾನುಗಳನ್ನು ಎಷ್ಟು ಸೆಳೆಯುತ್ತದೆಂಬ ಅಳತೆ) ಮೈನಸ್ 100 ಮಿಲಿವೋಲ್ಟಿಗಿಂತ ಕೆಳಗೆ ನೆಲೆಸಿದ ಮೇಲೆ, ಗಾಳಿ ಸೋಕದಂತೆ ಮುಚ್ಚಿದ ಪಾತ್ರೆಯಿಂದ ನೈಟ್ರೋಜನ್ ಅಥವಾ ಆರ್ಗಾನ್ ಒತ್ತಡದಲ್ಲಿ ಇಳಿಸಬೇಕು. ಆಮ್ಲಜನಕ ಇವುಗಳಿಗೆ ವಿಷ.

ಅನಂತರ ತಿಂಗಳುಗಟ್ಟಲೆ ನಿಗಾ. ಸಿಸ್-ಡೈಕ್ಲೋರೋಎಥಿಲೀನ್ ಏರಿ ಅಲ್ಲೇ ನಿಂತರೆ ಗಾಬರಿಯಾಗಿ ಇನ್ನಷ್ಟು ಆಹಾರ ಸುರಿಯುವುದು ಸಾಮಾನ್ಯ ತಪ್ಪು. ಮೊದಲು ಪಿಎಚ್, ಆಮೇಲೆ ವಂಶವಾಹಿ ಎಣಿಕೆ, ಆಮೇಲೆ ಕ್ಲೋರೋಫಾರ್ಮ್ ಇದೆಯೇ ಎಂದು ನೋಡಿ, ಏಕೆಂದರೆ ಕ್ಲೋರೋಫಾರ್ಮ್ ಈ ಕಿಣ್ವಗಳನ್ನು ತಡೆಯುತ್ತದೆ. ಮೂರೂ ಸರಿಯಿದ್ದರೆ ಮಾತ್ರ ಆಹಾರದ ಕೊರತೆಯನ್ನು ಶಂಕಿಸಿ. ಆಮ್ಲಜನಕವಿಲ್ಲದ ನೀರಿನಲ್ಲಿ ಕಬ್ಬಿಣ, ಮ್ಯಾಂಗನೀಸ್, ಕೆಲವೆಡೆ ಆರ್ಸೆನಿಕ್ ಕೂಡ ಮಣ್ಣಿನಿಂದ ಬಿಡಿಸಿಕೊಂಡು ಬರುವುದರಿಂದ ಅವುಗಳನ್ನೂ ಅಳೆಯಬೇಕು. ಮೇಲೆ ಕಟ್ಟಡಗಳಿದ್ದರೆ ಮೀಥೇನ್ ಮತ್ತು ವಿನೈಲ್ ಕ್ಲೋರೈಡಿಗಾಗಿ ಮಣ್ಣಿನೊಳಗಿನ ಗಾಳಿಯನ್ನೂ ಪರೀಕ್ಷಿಸಬೇಕು.

ಎಥಿಲೀನಿನ ಮೋಲ್ ಪಾಲು ಏರಿ, ವಿನೈಲ್ ಕ್ಲೋರೈಡ್ ಮಿತಿಯ ಕೆಳಗೆ ಬಂದ ಮೇಲೂ ವೀಕ್ಷಣಾ ಬಾವಿಗಳನ್ನು ಮುಚ್ಚಬಾರದು. ವರ್ಷಗಳ ಕಾಲ ಜೇಡಿಮಣ್ಣಿನ ಪದರಗಳೊಳಗೆ ಹೀರಿಕೊಂಡಿದ್ದ ದ್ರಾವಕ, ಸುತ್ತಲ ನೀರು ಶುದ್ಧವಾದಂತೆ ಹಿಮ್ಮುಖವಾಗಿ ಹೊರಬರುತ್ತದೆ. ಆಹಾರ ನಿಲ್ಲಿಸಿದ ಬಳಿಕವೂ ಹಲವು ಋತುಗಳವರೆಗೆ ಅದೇ ಬಾವಿಗಳಿಂದ ಮಾದರಿ ತೆಗೆದು ನೋಡುವುದು ಅಗತ್ಯ.