ಪುಣೆಯ ಸಣ್ಣ ಲ್ಯಾಬಿನಲ್ಲಿ ಮುರುಗಲು ಕೆಮಿಸ್ಟ್ರಿ

ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಂಶೋಧನೆ ಮಾಡಬೇಕಾದರೆ ಐಐಟಿಯೋ ಐಸರೋ (ಕೇಂದ್ರದ ವಿಜ್ಞಾನ ಸಂಸ್ಥೆ) ಆಗಬೇಕು, ಕಾಲೇಜಿನಲ್ಲಿ ಕೂತು ಏನು ಮಾಡೋಕಾಗುತ್ತೆ ಅಂತ ಎಂ.ಎಸ್ಸಿ ಮಕ್ಕಳು ಈಗಲೂ ನನ್ನನ್ನು ಕೇಳುತ್ತಾರೆ. ಮಾಡಬಹುದು. ಆದರೆ ಕೆಲಸ ಆರಿಸಿಕೊಳ್ಳುವ ರೀತಿ ಬೇರೆ ಇರಬೇಕು. ದೊಡ್ಡ ಲ್ಯಾಬಿನವರು ಮೊದಲು ಪ್ರಶ್ನೆ ಹಾಕಿಕೊಂಡು ಆಮೇಲೆ ಸಾಮಾನು ತರಿಸುತ್ತಾರೆ. ನಾನು ಕೈಗೆಟುಕುವ ಸಾಮಾನು ಯಾವುದು ಅಂತ ಮೊದಲು ನೋಡಿದೆ, ಅದನ್ನಿಟ್ಟುಕೊಂಡು ಯಾವ ಪ್ರಶ್ನೆ ಕೇಳಬಹುದು ಅಂತ ಆಮೇಲೆ ಹುಡುಕಿದೆ. ನನಗೆ ಸಿಕ್ಕಿದ್ದು ಮುರುಗಲು. ಮಂಗಳೂರು ಕಡೆಯವರ ಪುನರ್ಪುಳಿ, ಇಲ್ಲಿಯವರ ಕೋಕಂ.

ನಾನು ಸಿದ್ದಾಪುರದ ಕಡೆಯವಳು. ಶಿರಸಿಯಲ್ಲಿ ಬಿ.ಎಸ್ಸಿ, ಧಾರವಾಡದಲ್ಲಿ ಎಂ.ಎಸ್ಸಿ, ನೆಟ್ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಆದ ಮೇಲೆ ಪಿಎಚ್‌.ಡಿ ಮಾಡಲು ಪುಣೆಗೆ ಬಂದೆ. ಪಾಷಾಣ ರಸ್ತೆಯ ಎನ್‌ಸಿಎಲ್, ಅಂದರೆ ನ್ಯಾಷನಲ್ ಕೆಮಿಕಲ್ ಲ್ಯಾಬೊರೇಟರಿ, 1950ರ ಜನವರಿ 3ರಂದು ನೆಹರೂ ಉದ್ಘಾಟಿಸಿದ ಸಂಸ್ಥೆ. ಬಣ್ಣಗಳ ಕೆಮಿಸ್ಟ್ರಿಯಲ್ಲಿ ಹೆಸರು ಮಾಡಿದ ಕೆ. ವೆಂಕಟರಾಮನ್ ಇಲ್ಲಿ ನಿರ್ದೇಶಕರಾಗಿದ್ದರು, ಟರ್ಪೀನುಗಳ (ಗಿಡದ ಸುವಾಸನೆಯ ಎಣ್ಣೆಗಳಲ್ಲಿರುವ ಅಣುಗಳು) ಮೇಲೆ ಸುಖದೇವ್ ಕೆಲಸ ಮಾಡಿದ್ದೂ ಇಲ್ಲೇ. ನಮ್ಮ ನೆಲದ ಗಿಡಗಳಲ್ಲಿ ಏನಿದೆ ಅಂತ ಬಿಡಿಸಿ ನೋಡುವ ಅಭ್ಯಾಸ ಈ ಊರಿಗೆ ಹಳೆಯದು. ಅಲ್ಲಿ ನಾನು ಕಲಿತದ್ದರಲ್ಲಿ ಇವತ್ತಿಗೂ ಜಾಸ್ತಿ ಉಪಯೋಗಕ್ಕೆ ಬರುವುದು ಶುದ್ಧೀಕರಣ. ಟಿಎಲ್‌ಸಿಯಲ್ಲಿ (ಮಿಶ್ರಣವನ್ನು ತೆಳು ಪದರದ ಮೇಲೆ ಓಡಿಸಿ ಬೇರ್ಪಡಿಸುವ ಪರೀಕ್ಷೆ) ಒಂದೇ ಸ್ಪಾಟ್ ಕಂಡಿತು ಅಂತ ಸಮಾಧಾನಪಡಬಾರದು. ಸಾಲ್ವೆಂಟ್ ಬದಲಿಸಿ ಮತ್ತೆ ಓಡಿಸಬೇಕು, 254 ನ್ಯಾನೊಮೀಟರ್ ದೀಪದಲ್ಲಿ ನೋಡಬೇಕು, ಅಯೋಡಿನ್‌ನಲ್ಲಿ ಇಡಬೇಕು, ಪರ್ಮ್ಯಾಂಗನೇಟ್‌ನಲ್ಲಿ ಅದ್ದಬೇಕು. ಯುವಿಯಲ್ಲಿ ಕಾಣದ ಕಸ ಎಷ್ಟೋ ಸಲ ಪರ್ಮ್ಯಾಂಗನೇಟ್‌ನಲ್ಲಿ ಹಳದಿಯಾಗಿ ಎದ್ದು ಬರುತ್ತದೆ.

ಪಿಎಚ್‌.ಡಿ ಆಯಿತು, ಹೊರದೇಶದಲ್ಲಿ ಪೋಸ್ಟ್‌ಡಾಕ್ ಆಯಿತು, ವಾಪಸ್ ಬಂದು ಪುಣೆಯಲ್ಲೇ ಒಂದು ಕಾಲೇಜು ಸೇರಿದೆ. ಪಾಠ, ಪ್ರಾಕ್ಟಿಕಲ್, ಪೇಪರ್ ತಿದ್ದುವುದು, ಕಮಿಟಿಗಳು. ಸಂಶೋಧನೆಗೆ ಅಂತ ಒಂದು ಹಳೆಯ ಪ್ರಾಕ್ಟಿಕಲ್ ಹಾಲ್‌ನ ಮೂಲೆ, ಒಂದು ಫ್ಯೂಮ್ ಹುಡ್, ಒಂದು ರೋಟಾ (ಸಾಲ್ವೆಂಟ್ ಆರಿಸುವ ಯಂತ್ರ) ಕೊಟ್ಟರು. ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಯಂತ್ರ ಇಲ್ಲ. ಸ್ಯಾಂಪಲ್ ಹಿಡಿದುಕೊಂಡು ಬೇರೆ ಸಂಸ್ಥೆಗೆ ಹೋಗಿ, ದುಡ್ಡು ಕಟ್ಟಿ, ಸರದಿ ಕಾಯಬೇಕು. ಪೋಸ್ಟ್‌ಡಾಕ್‌ನಲ್ಲಿ ಮಾಡಿದ ಕೆಲಸವನ್ನೇ ಇಲ್ಲಿ ಮುಂದುವರಿಸುವಂತಿರಲಿಲ್ಲ. ಅದಕ್ಕೆ ಬೇಕಾದ ಕ್ಯಾಟಲಿಸ್ಟ್‌ಗಳ ಬೆಲೆಗೇ ನನ್ನ ವರ್ಷದ ಗ್ರಾಂಟ್ ಮುಗಿದುಹೋಗುತ್ತಿತ್ತು.

ಕೈರಲ್ ಅಣುಗಳನ್ನು, ಅಂದರೆ ಎಡಗೈ ಬಲಗೈಯಂತೆ ತಮ್ಮ ಕನ್ನಡಿ ಬಿಂಬದ ಮೇಲೆ ಕೂರದ ಅಣುಗಳನ್ನು, ಕಟ್ಟುವವರಿಗೆ ಶುರುವಿಗೆ ಒಂದು ಕೈರಲ್ ಕಚ್ಚಾವಸ್ತು ಬೇಕು. ಪ್ರಕೃತಿಯೇ ಮಾಡಿಟ್ಟದ್ದನ್ನು ಬಳಸುವುದು ಹಳೆಯ ದಾರಿ: ಟಾರ್ಟಾರಿಕ್ ಆಸಿಡ್, ಮ್ಯಾಲಿಕ್ ಆಸಿಡ್, ಅಮೈನೊ ಆಸಿಡ್‌ಗಳು. ಮುರುಗಲಿನ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಕೂಡ ಇದೇ ಸಾಲಿನದು, ಆದರೆ ಅವುಗಳಷ್ಟು ಬಳಕೆಯಾಗಿಲ್ಲ. ಸಿಟ್ರಿಕ್ ಆಸಿಡ್‌ಗೆ ಕೈರಾಲಿಟಿ ಇಲ್ಲ. ಅದಕ್ಕೆ ಇನ್ನೊಂದು ಹೈಡ್ರಾಕ್ಸಿಲ್ ಸೇರಿದರೆ ಎರಡು ಕೈರಲ್ ಕಾರ್ಬನ್ ಬರುತ್ತವೆ, ಅಂದರೆ ನಾಲ್ಕು ರೂಪಗಳು ಸಾಧ್ಯ. ನಮ್ಮ ಘಟ್ಟದ ಗಿಡ ಅದರಲ್ಲಿ ಒಂದನ್ನೇ, 2ಎಸ್ 3ಎಸ್ ರೂಪವನ್ನು (ಎರಡು ಕೈರಲ್ ಕಾರ್ಬನ್‌ಗಳ ದಿಕ್ಕು ಹೇಳುವ ಗುರುತು ಇದು), ಸಿಪ್ಪೆಯಲ್ಲಿ ತುಂಬಿಡುತ್ತದೆ. ಇಷ್ಟು ಶುದ್ಧವಾದ ಕೈರಲ್ ವಸ್ತು ಪುಣೆಯ ಮಂಡಈ ಮಾರುಕಟ್ಟೆಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ ಅಂದರೆ ಬಿಡುವುದು ಹೇಗೆ ಹೇಳಿ?

ಈ ಜಾತಿಯ ಹಣ್ಣಿನ ಹುಳಿ ಏನು ಅಂತ ಸರಿಯಾಗಿ ಗುರುತಿಸಿದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ, 1965ರಲ್ಲಿ, ಲೂಯಿಸ್ ಮತ್ತು ನೀಲಕಂಠನ್. ಅವರು ತೆಗೆದುಕೊಂಡದ್ದು ಮುರುಗಲಿನ ಸಂಬಂಧಿ ಉಪ್ಪಾಗೆಯನ್ನು. ಅದೇ ಉಪ್ಪಾಗೆಯಿಂದ 1980ರಲ್ಲಿ ಎ.ವಿ. ರಾಮರಾವ್ ಅವರ ಗುಂಪು ಪುಣೆಯ ಎನ್‌ಸಿಎಲ್‌ನಲ್ಲಿ ಕ್ಯಾಂಬೊಜಿನಾಲ್ ಎಂಬ ಅಣುವಿನ ವಿಷಯ ಪ್ರಕಟಿಸಿತು. ಮರುವರ್ಷವೇ ಮೈಸೂರಿನವರು ಗಾರ್ಸಿನಾಲ್ ಎಂಬ ಅಣುವಿನ ಬಗ್ಗೆ ಬರೆದರು. ಆ ಹಳೆಯ ಪೇಪರುಗಳನ್ನು ಓದುವಾಗ ನನಗೆ ನಿಜಕ್ಕೂ ಹೆಮ್ಮೆಯಾಗಿತ್ತು. ನನ್ನ ಊರಿನ ಕಾಡಿನ ಹಣ್ಣಿನ ಬಗ್ಗೆ, ನಾನಿದ್ದ ಎರಡು ರಾಜ್ಯಗಳ ಲ್ಯಾಬುಗಳಲ್ಲಿ, ಇಷ್ಟು ಕಮ್ಮಿ ಸಲಕರಣೆಯಲ್ಲಿ ಇಷ್ಟು ಅಚ್ಚುಕಟ್ಟಾದ ಕೆಲಸ.

ಇನ್ನು ಕೆಲಸದ ವಿಷಯ. ಅಂಗಡಿಯ ಆಮಸೂಲ್ (ಒಣಗಿಸಿದ ಕೋಕಂ ಸಿಪ್ಪೆ) ತರಬೇಡಿ. ಅದಕ್ಕೆ ಉಪ್ಪು ಹಾಕಿರುತ್ತಾರೆ, ಹಣ್ಣಿನ ರಸದಲ್ಲಿ ನೆನೆಸಿ ನೆನೆಸಿ ಒಣಗಿಸಿರುತ್ತಾರೆ. ಉಪ್ಪು ಹಾಕದೆ ಬರೀ ಬಿಸಿಲಿನಲ್ಲಿ ಒಣಗಿಸಿದ ಸಿಪ್ಪೆ ಬೇಕು ಅಂತ ಮೊದಲೇ ಹೇಳಿ ತರಿಸಬೇಕು. ಮುರುಗಲು ಏಪ್ರಿಲ್, ಮೇನಲ್ಲಿ ಹಣ್ಣಾಗುತ್ತದೆ, ಆಗಲೇ ವರ್ಷಕ್ಕಾಗುವಷ್ಟು ತೆಗೆದಿಟ್ಟುಕೊಳ್ಳುತ್ತೇವೆ. ನನಗೆ ಊರಿನಿಂದ ಅತ್ತೆ ಕಳಿಸುತ್ತಾರೆ. ಸಿಪ್ಪೆಯನ್ನು ನೀರಿನಲ್ಲಿ ಕುದಿಸಿ, ಸೋಸಿ, ಪಾಕದ ಹದಕ್ಕೆ ಇಳಿಸಿ ಮೆಥನಾಲ್ ಹಾಕಿದರೆ ಪೆಕ್ಟಿನ್ ಮುದ್ದೆಯಾಗಿ ಕೂರುತ್ತದೆ. ಅದನ್ನು ತೆಗೆದು, ಕಾಸ್ಟಿಕ್ ಸೋಡಾ ಹಾಕಿ ಬಿಸಿ ಮಾಡಿದರೆ ಆಮ್ಲ ಸೋಡಿಯಂ ಲವಣವಾಗಿ ದಪ್ಪ ಪದರವಾಗುತ್ತದೆ. ನೀರು ಬೆರೆತ ಮೆಥನಾಲ್‌ನಲ್ಲಿ ತೊಳೆಯುತ್ತಾ ಹೋದ ಹಾಗೆ ಬಣ್ಣ ಇಳಿಯುತ್ತದೆ. ಆ ಮೇಲೆ ಹೈಡ್ರೋಕ್ಲೋರಿಕ್ ಆಸಿಡ್, ಒಣಗಿಸುವುದು, ಅಸಿಟೋನ್. ಇದರಲ್ಲಿ ಹುಟ್ಟಿದ ಉಪ್ಪು ಅಸಿಟೋನ್‌ನಲ್ಲಿ ಕರಗದೆ ಉಳಿಯುತ್ತದೆ, ನಮಗೆ ಬೇಕಾದದ್ದು ಕರಗಿ ಬರುತ್ತದೆ. ಈಥರ್‌ನಲ್ಲಿ ಹರಳು ಬರಿಸಿದರೆ ಲ್ಯಾಕ್ಟೋನ್ ಕೈಯಲ್ಲಿ. ಹೌದು, ಆಮ್ಲವಲ್ಲ, ಲ್ಯಾಕ್ಟೋನ್. ಆಮ್ಲ ತಾನಾಗೇ ಒಂದು ನೀರಿನ ಅಣು ಕಳೆದುಕೊಂಡು ಉಂಗುರವಾಗುತ್ತದೆ, ಅಣುಭಾರ 208ರಿಂದ 190ಕ್ಕೆ ಇಳಿಯುತ್ತದೆ.

ಪ್ರೋಟಾನ್ ಎನ್‌ಎಂಆರ್ ನೋಡಿದರೆ ಖುಷಿಯಾಗುತ್ತದೆ. ಸಿಎಚ್2ನ ಎರಡು ಹೈಡ್ರೋಜನ್‌ಗಳು ಬೇರೆ ಬೇರೆ ಡಬ್ಲೆಟ್ (ಜೋಡಿ ಗೆರೆ) ಆಗಿ, ಒಂದರ ಕಡೆ ಒಂದು ವಾಲಿಕೊಂಡು, 17 ಹರ್ಟ್ಸ್ ಆಸುಪಾಸಿನ ಕಪ್ಲಿಂಗ್‌ನಲ್ಲಿ ನಿಂತಿರುತ್ತವೆ. ಎರಡನೇ ವರ್ಷದವರಿಗೆ ಡಯಾಸ್ಟಿರಿಯೊಟಾಪಿಕ್ (ಒಂದೇ ಕಾರ್ಬನ್ ಮೇಲಿದ್ದೂ ಸುತ್ತಲಿನ ಪರಿಸರ ಬೇರೆಯಾದದ್ದು) ಅಂದರೇನು ಅಂತ ನಾನು ಇದನ್ನೇ ತೋರಿಸಿ ಹೇಳಿಕೊಡುತ್ತೇನೆ.

ನಮ್ಮ ಪ್ರಶ್ನೆ ಇಷ್ಟು: ಈ ಲ್ಯಾಕ್ಟೋನಿನ ಎರಡು ಆಸಿಡ್ ಗುಂಪುಗಳನ್ನು ಮೀಥೈಲ್ ಎಸ್ಟರ್ ಮಾಡಿದ ಮೇಲೆ, ಒಂದನ್ನು ಮಾತ್ರ ರೆಡ್ಯೂಸ್ ಮಾಡಿ ಆಲ್ಕೋಹಾಲ್ ಆಗಿಸಬಹುದೇ? ಮ್ಯಾಲಿಕ್ ಆಸಿಡ್ ಎಸ್ಟರ್‌ನಲ್ಲಿ ಬೋರೇನ್ ಡೈಮೀಥೈಲ್ ಸಲ್ಫೈಡ್ ಜೊತೆ ಚಿಟಿಕೆ ಸೋಡಿಯಂ ಬೋರೋಹೈಡ್ರೈಡ್ ಹಾಕಿದರೆ ಹೈಡ್ರಾಕ್ಸಿಲ್ ಪಕ್ಕದ ಎಸ್ಟರ್ ಮಾತ್ರ ಆಲ್ಕೋಹಾಲ್ ಆಗುತ್ತದೆ, ಇದು 1980ರ ದಶಕದಿಂದ ಗೊತ್ತಿರುವ ವಿಷಯ. ನಮ್ಮಲ್ಲೂ ಒಂದು ಎಸ್ಟರ್‌ನ ಪಕ್ಕ ಹೈಡ್ರಾಕ್ಸಿಲ್ ಬಿಡಿಯಾಗಿ ಇದೆ. ರಿಯಾಕ್ಷನ್ ನಡೆಯಿತು, ಟಿಎಲ್‌ಸಿಯಲ್ಲಿ ಹಳೆಯ ಸ್ಪಾಟ್ ಹೋಯಿತು, ಆದರೆ ವರ್ಕ್‌ಅಪ್ ಮಾಡಿದರೆ, ಅಂದರೆ ನೀರು ಹಾಕಿ ತೊಳೆದು ಸಾಲ್ವೆಂಟ್‌ಗೆ ಎಳೆದುಕೊಂಡರೆ, ಫ್ಲಾಸ್ಕ್‌ನಲ್ಲಿ ಏನೂ ಇಲ್ಲ. ಇಂಥ ಅಣುವಿಗೆ ನೀರೆಂದರೆ ಪ್ರೀತಿ. ಈಥೈಲ್ ಅಸಿಟೇಟ್ ಎಷ್ಟು ಹಾಕಿ ಅಲ್ಲಾಡಿಸಿದರೂ ಅದು ನೀರಿನ ಪದರ ಬಿಟ್ಟು ಬರಲ್ಲ.

ಹಾಗಾಗಿ ನೀರನ್ನೇ ಕೈಬಿಟ್ಟೆವು. ಮೆಥನಾಲ್ ಹಾಕಿ ಬೋರೇನ್ ಕೊಂದು, ರೋಟಾದಲ್ಲಿ ಇಳಿಸಿ, ಮತ್ತೆ ಮೆಥನಾಲ್, ಮತ್ತೆ ರೋಟಾ. ಬೋರಾನ್ ಟ್ರೈಮೀಥೈಲ್ ಬೋರೇಟ್ ಆಗಿ ಹಾರಿಹೋಗುತ್ತದೆ, ಅದು 68 ಡಿಗ್ರಿಗೇ ಕುದಿಯುತ್ತದೆ. ಉಳಿದ ಕ್ರೂಡ್‌ಗೆ ನೇರವಾಗಿ ಡೈಮೆಥಾಕ್ಸಿಪ್ರೊಪೇನ್ ಹಾಕಿ, ಎರಡು ಹೈಡ್ರಾಕ್ಸಿಲ್‌ಗಳನ್ನೂ ಒಟ್ಟಿಗೆ ಮುಚ್ಚಿ ಅಸಿಟೋನೈಡ್ ಮಾಡಿದರೆ ಅದು ಬೇರ್ಪಡಿಸುವ ಕಾಲಮ್‌ನಲ್ಲಿ ಸಲೀಸಾಗಿ ಇಳಿಯುತ್ತದೆ. ಹೀಗೆ ತಡಮಾಡದೆ ಮುಚ್ಚುವುದಕ್ಕೆ ಇನ್ನೊಂದು ಕಾರಣವೂ ಇದೆ. ಹೊಸದಾಗಿ ಹುಟ್ಟಿದ ಆಲ್ಕೋಹಾಲ್ ಕೂಡ ಐದರ ಉಂಗುರ ಕಟ್ಟಬಲ್ಲ ಜಾಗದಲ್ಲೇ ಇದೆ, ಲ್ಯಾಕ್ಟೋನ್ ಆ ಕಡೆ ಜರುಗಬಹುದು. ಜರುಗಿದೆಯೋ ಇಲ್ಲವೋ ಅಂತ ತಿಳಿಯಲು ಎಚ್‌ಎಂಬಿಸಿ, ಅಂದರೆ ಯಾವ ಹೈಡ್ರೋಜನ್ ಯಾವ ಕಾರ್ಬನ್‌ನ ಹತ್ತಿರ ಇದೆ ಅಂತ ತೋರಿಸುವ ಎನ್‌ಎಂಆರ್ ಬೇಕು, ಸುಮ್ನೆ ಪ್ರೋಟಾನ್ ನೋಡಿ ಹೇಳುವ ಹಾಗಿಲ್ಲ. ನಾನು ಎನ್‌ಎಂಆರ್ ದುಡ್ಡು ಖರ್ಚು ಮಾಡುವುದು ಇಂಥ ಕಡೆ ಮಾತ್ರ.

ಮಳೆಗಾಲದಲ್ಲಿ ಬೋರೇನ್ ಕೆಲಸ ಮುಟ್ಟುವುದಿಲ್ಲ. ಜುಲೈನಲ್ಲಿ ಗಾರ್ಡ್ ಟ್ಯೂಬಿನ (ತೇವ ಒಳಬರದಂತೆ ಫ್ಲಾಸ್ಕ್‌ಗೆ ಹಾಕುವ ಕೊಳವೆ) ಕ್ಯಾಲ್ಸಿಯಂ ಕ್ಲೋರೈಡ್ ನೀರು ಕುಡಿದು ಕರಗುತ್ತದೆ. ಆ ತಿಂಗಳುಗಳಲ್ಲಿ ಸಿಪ್ಪೆ ಕುದಿಸುವುದು, ಕಾಲಮ್ ಹಾಕುವುದು, ಬರೆಯುವುದು. ನವೆಂಬರ್‌ನಿಂದ ಪುಣೆಯ ಗಾಳಿ ಒಣಗುತ್ತದೆ, ಆಗ ತೇವ ತಾಳದ ರಿಯಾಕ್ಷನ್‌ಗಳು. ವರ್ಷದ ಕೆಲಸವನ್ನು ಹೀಗೆ ಹಂಚಿಕೊಂಡದ್ದರಿಂದಲೇ ಒಂದು ಹುಡ್‌ನಲ್ಲಿ ಮೂವರು ವಿದ್ಯಾರ್ಥಿಗಳು ಕೆಲಸ ಮಾಡಲು ಸಾಧ್ಯವಾಗಿದೆ.

ಈ ಆಮ್ಲ ಹಾಕಿದ ತೂಕ ಇಳಿಸುವ ಮಾತ್ರೆ ಬಗ್ಗೆ ನೆಂಟರೆಲ್ಲ ಕೇಳುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಈ ಆಮ್ಲ ದೇಹ ಕೊಬ್ಬು ಕಟ್ಟಲು ಬೇಕಾದ ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಎಂಜೈಮನ್ನು ತಡೆಯುತ್ತದೆ ಅನ್ನುವುದು ನಿಜ. ಆದರೆ 1998ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ 135 ಜನರ, 12 ವಾರಗಳ ಪರೀಕ್ಷೆಯಲ್ಲಿ ತೂಕದಲ್ಲಿ ಗಮನಾರ್ಹ ವ್ಯತ್ಯಾಸ ಕಂಡಿಲ್ಲ. ಆ ಮಾತ್ರೆಗಳ ಬೇಡಿಕೆಗೆ ನಮ್ಮ ಕಡೆ ಉಪ್ಪಾಗೆ ಕೊಯ್ಲು ಏರಿತು. ಅದು ಹಣ್ಣಾಗುವುದು ಮಳೆಯಲ್ಲಿ, ಒಣಗಿಸಲು ಸೌದೆ ಬೇಕು, ಸೌದೆಗೆ ಕಾಡೇ ಗತಿ. ನಾನು ಉಪ್ಪಾಗೆ ಬಿಟ್ಟು, ಬಿಸಿಲಲ್ಲಿ ಒಣಗುವ ಮುರುಗಲನ್ನೇ ಹಿಡಿದದ್ದಕ್ಕೆ ಇದೂ ಒಂದು ಕಾರಣ.

ಈಗಿನ ಕೆಲಸ ಶುರುವಾದದ್ದು ವಿದ್ಯಾರ್ಥಿಯೊಬ್ಬನ ಪ್ರಶ್ನೆಯಿಂದ. ಅವನು ಇಂಡಿ ಕಡೆಯವನು, ಅಪ್ಪ ಅಮ್ಮ ಪುಣೆಗೆ ದುಡಿಯಲು ಬಂದವರು. ಮುರುಗಲು ಅವನಿಗೆ ಹೊಸದು. ಒಂದು ದಿನ, "ಮೇಡಂ, ನಮ್ಮನ್ಯಾಗ ಪುಂಡಿಪಲ್ಯ ಮಾಡ್ತಾರಲ್ರೀ, ಅದರಾಗೂ ಈ ಆಸಿಡ್ ಇರತೈತೇನ್ರೀ?" ಅಂದ.

"ಇದೆ, ಆದರೆ ಇದೇ ಅಲ್ಲ, ಇದರ ಡಯಾಸ್ಟಿರಿಯೊಮರ್ ನೋಡು," ಅಂದೆ.

ಪುಂಡಿಯಲ್ಲಿರುವುದು 2ಎಸ್ 3ಆರ್ ರೂಪ, ಅದರ ಲ್ಯಾಕ್ಟೋನಿಗೆ ಹಿಬಿಸ್ಕಸ್ ಆಸಿಡ್ ಅನ್ನುತ್ತಾರೆ. ಪರಮಾಣುಗಳು ಅವೇ, ಜೋಡಣೆ ಅದೇ, ಒಂದು ಕಾರ್ಬನ್‌ನಲ್ಲಿ ಮಾತ್ರ ದಿಕ್ಕು ಬೇರೆ. ಎರಡನ್ನೂ ಅಕ್ಕಪಕ್ಕ ಇಟ್ಟು ಅದೇ ರಿಡಕ್ಷನ್ ಮಾಡಿದರೆ, ಲ್ಯಾಕ್ಟೋನ್ ಜರುಗುವ ವೇಗ ಎರಡರಲ್ಲೂ ಒಂದೇ ಇರುತ್ತದೆಯೇ? ಅವನ ಥೀಸಿಸ್ಸಿನ ಮೂರನೇ ಅಧ್ಯಾಯ ಈ ಪ್ರಶ್ನೆಯ ಮೇಲೆಯೇ. ಪುಂಡಿ ಎಲೆಯಿಂದ ಲ್ಯಾಕ್ಟೋನ್ ತೆಗೆಯುವುದು ಸಿಪ್ಪೆಗಿಂತ ತ್ರಾಸು, ಕ್ಲೋರೋಫಿಲ್ ಕಾಟ ಜಾಸ್ತಿ, ಕೈಗೆ ಬರುವುದು ಕಮ್ಮಿ. ಅದಕ್ಕೆ ಈ ಸಲ ಎಲೆ ಬಿಟ್ಟು ಕೆಂಪು ಪುಂಡಿಯ ಹೂವಿನ ತೊಟ್ಟಿನ ಎಸಳು ತರಿಸಿದ್ದೇವೆ. ಎಸ್ಟರ್ ಆಗಿದೆ, ಬೋರೇನ್ ಹಾಕುವುದು ದೀಪಾವಳಿ ರಜೆ ಮುಗಿದ ಮೇಲೆ.