ಯಾರ್ಕ್ ಮಾದರಿ ಕೊಳ್ಳುವ ಮುನ್ನ

ಹಳೆಯ ಬ್ರಿಟಿಷ್ ಸೇನಾ ಸಾರಿಗೆ ವಿಮಾನಗಳ ಡೈಕಾಸ್ಟ್ (ಕರಗಿದ ಲೋಹವನ್ನು ಅಚ್ಚಿಗೆ ತುಂಬಿ ಮಾಡಿದ) ಮಾದರಿಗಳನ್ನು ಸಂಗ್ರಹಿಸುವವರು ಬೆಲೆಗಿಂತ ಮೊದಲು ಅಳತೆಯ ಅನುಪಾತವನ್ನು ಗಮನಿಸುವುದು ಒಳ್ಳೆಯದು. 1948-49ರಲ್ಲಿ ಬರ್ಲಿನ್ ನಗರಕ್ಕೆ ಸರಕು ಹೊತ್ತ ಆವ್ರೋ ಯಾರ್ಕ್‌ನ ರೆಕ್ಕೆಯ ಹರವು ಸುಮಾರು 31 ಮೀಟರ್ ಇದ್ದುದರಿಂದ, 1:144ರ ಮಾದರಿಗೆ 22 ಸೆಂಟಿಮೀಟರ್ ಜಾಗ ಸಾಕಾದರೆ, 1:72ರದ್ದು 43 ಸೆಂಟಿಮೀಟರ್ ಬೇಡುತ್ತದೆ. ಮನೆಯ ಕಪಾಟಿಗೆ, ನನ್ನ ಮಟ್ಟಿಗೆ, ಚಿಕ್ಕದೇ ಸರಿ. ಲ್ಯಾಂಕಾಸ್ಟರ್ ಬಾಂಬರಿನ ರೆಕ್ಕೆಗಳನ್ನೇ ಪಡೆದ ಈ ವಿಮಾನದ ಒಡಲು ದೊಡ್ಡದಾದ ಕಾರಣ ಬಾಲದ ನಡುವೆ ಮೂರನೆಯ ಲಂಬಫಲಕವನ್ನು ಸೇರಿಸಲಾಯಿತು. ಬಳಸಿದ ಮಾದರಿಗಳಲ್ಲಿ ಆ ಫಲಕವನ್ನೂ ಪ್ರೊಪೆಲ್ಲರ್‌ಗಳನ್ನೂ ಮುರಿದು ಅಂಟಿಸಿರುವ ಸಾಧ್ಯತೆ ಇರುವುದರಿಂದ, ಮಾರುವವರಿಂದ ಅವುಗಳ ಹತ್ತಿರದ ಚಿತ್ರಗಳನ್ನು ಕೇಳಿ ಪಡೆಯಿರಿ. ಇಂಥ ಮಾದರಿಗಳ ಸತುವಿನ ಮಿಶ್ರಲೋಹದಲ್ಲಿ ಸೀಸದ ಕಲಬೆರಕೆಯಿದ್ದರೆ ತೇವದ ಹವೆಯಲ್ಲಿ ಅದು ಒಳಗಿನಿಂದಲೇ ಬಿರುಕು ಬಿಡುತ್ತದೆ. ಕರಾವಳಿಯವರು ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವನ್ನು ಇರಿಸಿ, ಆಗಾಗ ಬದಲಿಸುತ್ತಿರಬೇಕು.