ಸಣ್ಣ ಮೀನಿಗೆ ಸಣ್ಣ ಮುಳ್ಳು: ಹರಿಯುವ ನೀರಿನಲ್ಲಿ ಗಾಳ ಹಾಕುವುದು ಹೇಗೆ?

ಚುಂಚನಕಟ್ಟೆಯ ಜಲಪಾತದಿಂದ ಒಂದಷ್ಟು ಕೆಳಗೆ, ಒಂದು ಭಾನುವಾರ ಮೂರು ಗಂಟೆ ಕಾಲ ಗಾಳ ಹಿಡಿದು ಕುಳಿತಿದ್ದೆ. ದಾರಕ್ಕೆ ಕಟ್ಟಿದ ಬೆಂಡು ನೀರಿನ ಮೇಲೆ ಕುಣಿಯುತ್ತಿತ್ತು, ಎತ್ತಿದರೆ ಬರೀ ಗಾಳದ ಮುಳ್ಳು, ಹಿಟ್ಟು ಮಾಯ. ಹತ್ತು ಮಾರು ಆಚೆ ಒಬ್ಬ ಹುಡುಗ ಬೆರಳುದ್ದದ ಪಕ್ಕೆ ಮೀನುಗಳನ್ನು ಒಂದರ ಹಿಂದೆ ಒಂದರಂತೆ ಎತ್ತಿ ಡಬ್ಬಕ್ಕೆ ಹಾಕುತ್ತಿದ್ದ. ಕೊನೆಗೆ ಅವನೇ ಎದ್ದು ಬಂದು ನನ್ನ ಮುಳ್ಳನ್ನು ನೋಡಿ, ‘ಮೊಸಳೆ ಹಿಡಿಯಲು ಬಂದಿದ್ದೀರಾ ಸಾರ್?’ ಎಂದ.

ಅಂದು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮುಳ್ಳು, ಕೋಲು, ದಾರ

ಅಂಗಡಿಯಲ್ಲಿ 14ರಿಂದ 18ರವರೆಗಿನ ನಂಬರಿನ ಮುಳ್ಳು ಕೇಳಿ. ನಂಬರು ಏರಿದಷ್ಟೂ ಮುಳ್ಳು ಸಣ್ಣದು. 16ರ ಮುಳ್ಳನ್ನು ಅಂಗೈ ಮೇಲಿಟ್ಟರೆ ಅಕ್ಕಿ ಕಾಳಿಗಿಂತ ಅಷ್ಟೇನೂ ದೊಡ್ಡದೆನಿಸುವುದಿಲ್ಲ. ಪಕ್ಕೆ, ಸಸಲು ಮೀನಿನ ಬಾಯಿಗೆ ಹಿಡಿಸುವುದು ಅದೇ. ತುದಿಯ ಹಿಂದಿರುವ ಎದುರುಮುಳ್ಳನ್ನು ಇಕ್ಕಳದಿಂದ ಅದುಮಿಬಿಡಿ. ತೀರಾ ಚಿಕ್ಕ ಮರಿ ಸಿಕ್ಕಾಗ ಬಾಯಿ ಹರಿಯದಂತೆ ಬಿಡಿಸಿ ನೀರಿಗೆ ಬಿಡಬಹುದು.

ಕೋಲಿಗೆ ರೀಲು ಬೇಡ. ಮೈಸೂರಿನ ಬಂಬೂ ಬಜಾರಿನಲ್ಲಿ ಹತ್ತು–ಹನ್ನೆರಡು ಅಡಿಯ ತೆಳ್ಳನೆಯ ಬಿದಿರು ಹುಡುಕಿ, ನೆರಳಿನಲ್ಲಿ ಒಣಗಿಸಿಕೊಳ್ಳಿ. ತುದಿ ಬಳುಕಬೇಕು, ಬುಡ ಬಿಗಿಯಾಗಿರಬೇಕು. ಒಂದರೊಳಗೊಂದು ಸೇರುವ ಫೈಬರ್ ಕೋಲುಗಳೂ ಸಿಗುತ್ತವೆ. ಬಸ್ಸಿನಲ್ಲಿ ಹೋಗುವವರಿಗೆ ಅನುಕೂಲ. ನನಗೇನೋ ಬಿದಿರೇ ಇಷ್ಟ. ದಾರವನ್ನು ತುದಿಗಷ್ಟೇ ಕಟ್ಟಬೇಡಿ. ಕೋಲಿನ ನಡುವಿನಲ್ಲಿ ಒಂದು ಗಂಟು ಹಾಕಿ, ಅಲ್ಲಿಂದ ಸುತ್ತುತ್ತಾ ತುದಿಗೆ ಒಯ್ದು ಮತ್ತೊಂದು ಗಂಟು ಹಾಕಿ. ತುದಿ ಮುರಿದರೂ ಮೀನು ಕೈಬಿಡುವುದಿಲ್ಲ.

0.16 ಮಿಲಿಮೀಟರ್ ದಪ್ಪದ ನೈಲಾನ್ ದಾರ ಸಾಕು. ಉದ್ದ ಕೋಲಿಗಿಂತ ಒಂದು ಗೇಣು ಕಡಿಮೆ. ಮುಳ್ಳಿನ ಕಣ್ಣಿನಲ್ಲಿ ದಾರ ತೂರಿಸಿ, ಅದೇ ದಾರದ ಸುತ್ತ ಐದಾರು ಸುತ್ತು ತಿರುಚಿ, ಕಣ್ಣಿನ ಪಕ್ಕದ ಪುಟ್ಟ ಕುಣಿಕೆಯೊಳಗೆ ತುದಿಯನ್ನು ನುಗ್ಗಿಸಿ. ಬಾಯಲ್ಲಿ ಒದ್ದೆ ಮಾಡಿಕೊಂಡು ನಿಧಾನವಾಗಿ ಬಿಗಿಯಿರಿ. ಒಣ ದಾರವನ್ನು ಜಗ್ಗಿದರೆ ಉಜ್ಜಿ ಬಿಸಿಯಾಗಿ ಅಲ್ಲೇ ಸೊರಗುತ್ತದೆ. ಬೆಂಡಿಗೆ ಜೋಳದ ದಂಟಿನ ಒಳತಿರುಳು ಒಂದು ಬೆರಳುದ್ದ ಇದ್ದರೆ ಆಯಿತು. ಬೆಂಡಿನ ಕೆಳಗೆ ದಾರಕ್ಕೆ ಸೀಸದ ಪುಟ್ಟ ಗುಂಡು ಕಚ್ಚಿಸಿ; ಬೆಂಡಿನ ನೆತ್ತಿಯಷ್ಟೇ ನೀರಿನ ಮೇಲೆ ಕಾಣಬೇಕು.

ಮುದ್ದೆಯ ಉಪಯೋಗ

ನಮ್ಮ ಕಡೆ ಮೀನಿಗೂ ಮುದ್ದೆಯೇ. ಆದರೆ ಬರೀ ರಾಗಿ ಮುದ್ದೆ ಹರಿಯುವ ನೀರಿನಲ್ಲಿ ನಿಲ್ಲುವುದಿಲ್ಲ. ರಾಗಿಗೆ ಗೋಧಿಯ ಜಿಗುಟಿಲ್ಲ. ರಾತ್ರಿ ಉಳಿದ ಮುದ್ದೆ ಎರಡು ಪಾಲು, ಗೋಧಿ ಹಿಟ್ಟು ಒಂದು ಪಾಲು ಸೇರಿಸಿ, ಕಿವಿಯ ಹಾಲೆಯಷ್ಟು ಮೆತ್ತಗಾಗುವವರೆಗೆ ನಾದಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಮುಳ್ಳಿಗೆ ಸಿಕ್ಕಿಸುವ ಉಂಡೆ ಸಾಸಿವೆಗಿಂತ ತುಸು ದೊಡ್ಡದಿರಲಿ. ಮೆಣಸಿನ ಕಾಳಿನಷ್ಟಾದರೆ ಹೆಚ್ಚಾಯಿತು. ದೊಡ್ಡ ಉಂಡೆಯನ್ನು ಸಣ್ಣ ಮೀನು ಅಂಚಿನಿಂದ ಕೆದಕಿ ಕೆದಕಿ ತಿಂದು ಮುಗಿಸುತ್ತದೆ, ನಾವು ಬೆಂಡಿನ ಕುಣಿತ ನೋಡುತ್ತಾ ಕೂರುತ್ತೇವೆ. ಎರೆಹುಳುವಾದರೆ ಅರ್ಧ ಇಂಚಿನ ತುಂಡು ಸಾಕು. ಮೊದಲು ಒಂದು ಚಿಟಿಕೆ ತೌಡು, ಕಡಲೆಕಾಯಿ ಹಿಂಡಿ ಕಲಸಿ ನೀರಿಗೆ ಎರಚಿದರೆ ಮೀನು ಗುಂಪುಗೂಡುತ್ತದೆ. ಹಿಡಿಗಟ್ಟಲೆ ಸುರಿದರೆ ಹೊಟ್ಟೆ ತುಂಬಿದ ಮೀನು ನಿಮ್ಮ ಹಿಟ್ಟನ್ನು ಮೂಸಿಯೂ ನೋಡುವುದಿಲ್ಲ.

ನೀರನ್ನು ಓದುವುದು

ಭೋರ್ಗರೆಯುವ ಕಡೆ ಗಾಳ ಹಾಕುವುದು ವ್ಯರ್ಥ. ಸಣ್ಣ ಮೀನಿಗೆ ಸೆಳವಿನಲ್ಲಿ ಈಜಲು ಶಕ್ತಿ ಸಾಲದು, ತಿನ್ನುವುದೂ ಬೇಕು. ಹಾಗಾಗಿ ಅದು ಬಂಡೆಯ ಹಿಂಬದಿಯ ಸದ್ದಿಲ್ಲದ ನೀರಿನಲ್ಲಿ ನಿಂತು, ಪಕ್ಕದಲ್ಲಿ ತೇಲಿಹೋಗುವುದನ್ನು ಹಾರಿ ಕಚ್ಚಿ ಮತ್ತೆ ಹಿಂದಕ್ಕೆ ಸರಿಯುತ್ತದೆ. ರಭಸದ ನೀರೂ ನಿಂತ ನೀರೂ ತಾಗುವ ಗೆರೆ ಎಲ್ಲಿದೆ ಎಂದು ಹುಡುಕಿ. ನೊರೆಯ ಸಾಲು ಅದನ್ನು ತೋರಿಸಿಕೊಡುತ್ತದೆ.

ಮೀನು ಸೆಳವಿಗೆ ಮುಖ ಮಾಡಿ ನಿಲ್ಲುವುದರಿಂದ ಕೆಳಗಿನಿಂದ ಮೇಲಕ್ಕೆ ಹೆಜ್ಜೆ ಹಾಕಿ. ನೆರಳು ನೀರಿಗೆ ಬೀಳದಿರಲಿ. ಮುಳ್ಳನ್ನು ಎಡಗೈ ಬೆರಳಲ್ಲಿ ಹಿಡಿದು, ಕೋಲನ್ನು ತುಸು ಬಾಗಿಸಿ ಬಿಟ್ಟರೆ ಉಯ್ಯಾಲೆಯಂತೆ ತೂಗಿ ನೊರೆಯ ಪಕ್ಕ ಬೀಳುತ್ತದೆ. ಬೆಂಡು ನೊರೆಯ ವೇಗದಲ್ಲೇ ಸಾಗಬೇಕು. ಹಿಂದೆ ಬಿದ್ದರೆ ದಾರ ಎಳೆಯುತ್ತಿದೆ ಎಂದರ್ಥ, ಕೋಲಿನ ತುದಿ ಮೇಲೆತ್ತಿ. ಹಿಟ್ಟು ತಳದಿಂದ ಒಂದು ಅಂಗೈ ಮೇಲಿರುವಂತೆ ಬೆಂಡನ್ನು ಸರಿಸಿಕೊಳ್ಳಿ.

ಬೆಂಡು ನಿಂತರೆ, ಓರೆಯಾದರೆ, ಹರಿವಿಗೆ ಎದುರಾಗಿ ಜಾರಿದರೆ ಮಣಿಕಟ್ಟು ಮಾತ್ರ ತಿರುಗಿಸಿ. ಹೆಗಲ ಮೇಲಿಂದ ಎಳೆದು ಬೀಸಿದವರ ಗಾಳ ಹಿಂದಿನ ಹೊಂಗೆ ಮರದಲ್ಲಿ ನೇತಾಡುತ್ತದೆ, ಅಷ್ಟೇ ಲಾಭ. ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ; ಒಣ ಕೈ ಅದರ ಮೈಯ ಲೋಳೆಯನ್ನು ಕಿತ್ತುಹಾಕುತ್ತದೆ.

ಎಲ್ಲಿ, ಯಾವಾಗ ಬೇಡ

ಇಲ್ಲಿ ಬಿಸಿಲಿದ್ದರೂ ಕೊಡಗಿನಲ್ಲಿ ಮಳೆಯಾದರೆ ಕಾವೇರಿ ಏರುತ್ತಾಳೆ. ಅಣೆಕಟ್ಟೆಯಿಂದ ನೀರು ಬಿಟ್ಟರಂತೂ ಹೇಳುವುದೇ ಬೇಡ. ನೀರು ಕೆಂಪಾಗಿ, ಕಸಕಡ್ಡಿ ತೇಲಿ ಬರತೊಡಗಿದರೆ ಕೋಲು ಬಿಟ್ಟಾದರೂ ಸರಿ, ಮೇಲೆ ಹತ್ತಿ. ಬಲಮುರಿಯಂಥ ಕಡೆ ಪಾಚಿ ಕಟ್ಟಿದ ಕಟ್ಟೆಯ ಮೇಲೆ ನಿಲ್ಲಲೇಬೇಡಿ. ಶ್ರೀರಂಗಪಟ್ಟಣದ ಸುತ್ತಮುತ್ತ ನಿಜವಾದ ಮೊಸಳೆಗಳೇ ಇವೆ. ನಾಲೆ ಏರಿಯ ಮೇಲಿನ ವಿದ್ಯುತ್ ತಂತಿಯ ಕಡೆ ಒಮ್ಮೆ ತಲೆ ಎತ್ತಿ ನೋಡಿ. ಒದ್ದೆ ಬಿದಿರಿಗೂ ಕರೆಂಟು ಹಿಡಿಯುತ್ತದೆ.

ರಂಗನತಿಟ್ಟಿನಲ್ಲೂ ಮುತ್ತತ್ತಿ, ಭೀಮೇಶ್ವರಿಯ ಅಭಯಾರಣ್ಯದಲ್ಲೂ ಗಾಳಕ್ಕೆ ಜಾಗವಿಲ್ಲ. ದೇವಸ್ಥಾನದ ಬುಡದ ನೀರನ್ನು ಬಿಟ್ಟು ಮುಂದೆ ಹೋಗಿ. ಬೇರೆಡೆಯೂ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರಬಹುದು, ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಒಂದು ಮಾತು ಕೇಳಿ. ಮುಂಗಾರಿನ ಹೊಸ ನೀರಿಗೆ ಮೀನು ಮೊಟ್ಟೆ ಹೊತ್ತಿರುತ್ತದೆ. ದಸರಾ ಕಳೆದು ನೀರು ತಿಳಿಯಾದ ಮೇಲೆ ಹೊರಡುವುದೇ ಸರಿ. ಗಾಳಕ್ಕೆ ಬಿಳಿಮೀನಿನ (ಮಹಶೀರ್) ಮರಿ ಬಿದ್ದರೆ ತಕ್ಷಣ ಬಿಟ್ಟುಬಿಡಿ, ಕಾವೇರಿಯಲ್ಲಿ ಅದು ಅಳಿವಿನ ಅಂಚಿನಲ್ಲಿದೆ.

ಮನೆಗೆ ತಂದ ಪಕ್ಕೆಯ ಪೊರೆಯನ್ನು ಒಂದೊಂದಾಗಿ ಕೆರೆಯುತ್ತಾ ಕೂರಬೇಡಿ. ಒರಟು ಮಣ್ಣಿನ ಪಾತ್ರೆಯಲ್ಲಿ ಒಂದು ಹಿಡಿ ಕಲ್ಲುಪ್ಪು ಹಾಕಿ ಎಲ್ಲವನ್ನೂ ಒಟ್ಟಿಗೆ ಉಜ್ಜಿ, ಹೊಟ್ಟೆ ಹಿಸುಕಿ ತೊಳೆಯಿರಿ. ಆ ಹುಡುಗನ ಡಬ್ಬದಿಂದ ನನಗೆ ದಕ್ಕಿದ ಏಳು ಮೀನು ಅಂದು ಹಾಗೆಯೇ ಸಾರಿಗೆ ಬಿದ್ದವು. ಎಲ್ಲಿ ಹಿಡಿದಿರಿ ಎಂದು ಮನೆಯಲ್ಲಿ ಕೇಳಿದಾಗ ಚುಂಚನಕಟ್ಟೆಯಲ್ಲಿ ಎಂದಷ್ಟೇ ಹೇಳಿದೆ.